ಮೂಡಲ್‌ಗೆ ಹಾಕಿದ ಕನ್ನಡ ಪ್ರಶ್ನೆಗಳೆಲ್ಲ ಪೌಂಡು, ಯೆನ್ನು ಆಗಿವೆ! ಸಹಾಯ ಬೇಕು

ಕನ್ನಡಮೇಷ್ಟ್ರು:
ನಮ್ಮ ಡಿಗ್ರಿ ಕಾಲೇಜಿನಲ್ಲಿ ಹಳೇ ಕಲಿಕಾ ತಂತ್ರಾಂಶ ಬಿಟ್ಟು ಮೂಡಲ್‌ಗೆ ಹೋಗ್ತಿದ್ದೀವಿ. "ನಿಮಗೆ ಟೈಪಿಂಗ್ ಬರುತ್ತಲ್ಲ" ಅಂತ ಕನ್ನಡ ವಿಭಾಗದ ನನ್ನ ತಲೆಗೆ ಕಟ್ಟಿದ್ದಾರೆ. ವಿದ್ಯಾರ್ಥಿಗಳ ಪಟ್ಟಿ ಸಿಎಸ್‌ವಿಯಲ್ಲಿ ಸಲೀಸಾಗಿ ಬಂತು. ವರ್ಡ್ ಫೈಲಿಂದ ಗಿಫ್ಟ್ ಮಾದರಿಗೆ (ಮೂಡಲ್ ಓದುವ, ಚಿಹ್ನೆ ಹಾಕಿದ ಪ್ರಶ್ನೆಗಳ ಪಠ್ಯ ಫೈಲ್) ತಂದ ಸುಮಾರು 1400 ಪ್ರಶ್ನೆ ಮಾತ್ರ ಕೈಕೊಟ್ಟಿವೆ. ಕನ್ನಡದ ಜಾಗದಲ್ಲಿ ಚುಕ್ಕಿ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್, ಯೆನ್ ಗುರುತು. ಹಳೇದರಲ್ಲಿ ಚೆನ್ನಾಗೇ ಕಾಣ್ತಿತ್ತು. ಡೇಟಾಬೇಸಿನ ಅಕ್ಷರ ಸಂಕೇತವನ್ನ ಎಲ್ಲ ಭಾಷೆ ಹಿಡಿಸುವ ಯುಟಿಎಫ್8ಎಂಬಿ4 ಮಾಡಿ ಮತ್ತೆ ಹಾಕಿದೆ, ಅದೇ ಕಥೆ. ಸೋಮವಾರ ಇಂಟರ್ನಲ್ಸ್ ಇದೆ.

ಹುಬ್ಬಳ್ಳಿಹುಡುಗ:
ಡೇಟಾಬೇಸಿಂದೇನೂ ತಪ್ಪಿಲ್ರಿ ಸರ್. ಕನ್ನಡ ಅಕ್ಷರಕ್ಕ 3 ಬೈಟ್ ಸಾಕು, ಎಂಬಿ4 ಬೇಕಾಗೋದು ಇಮೋಜಿ ಅಂಥಾವಕ್ಕ. ಡೇಟಾಬೇಸ್ ಕೆಟ್ಟಿದ್ರ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬರ್ತಾವ, ಫಾಂಟ್ ಇಲ್ಲಂದ್ರ ಚೌಕ ಡಬ್ಬಿ. ನಿಮ್ಮದು ಹಳೇ ನುಡಿ ತಂತ್ರಾಂಶದ ಆಸ್ಕಿ ಪಠ್ಯ ಇದ್ದಂಗ ಐತಿ, ಅಂದ್ರ ಒಳಗಿರೋದು ಇಂಗ್ಲಿಷ್ ಅಕ್ಷರ-ಚಿಹ್ನೆ, ನುಡಿ ಫಾಂಟ್ ಅಷ್ಟೇ ಅದನ್ನ ಕನ್ನಡವಾಗಿ ತೋರಸ್ತೈತಿ. ಅದರಾಗ ಪೌಂಡ್ ಗುರುತು ಅಂದ್ರ 'ನ', ಯೆನ್ ಅಂದ್ರ 'ಪ'. ಮೂಡಲ್‌ನಾಗ ನೇರ ಒಂದು ಪ್ರಶ್ನೆ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋ) ಯೂನಿಕೋಡ್‌ನಾಗ ಟೈಪ್ ಮಾಡಿ ನೋಡ್ರಿ.

ಕನ್ನಡಮೇಷ್ಟ್ರು:
ನೇರ ಟೈಪ್ ಮಾಡಿದ್ದು ಸರಿಯಾಗಿದೆ! ಹೌದು, ಎಲ್ಲ ನುಡಿಯಲ್ಲೇ ಟೈಪಿಸಿದ್ದು.

ಲ್ಯಾಬ್‌ಮೂಲೆ:
ಸುಲಭ ಅಲ್ವಾ, ಪುಟದ ರೂಪ ಹೇಳುವ ಥೀಮ್‌ನ ಸಿಎಸ್‌ಎಸ್‌ನಲ್ಲಿ ನುಡಿ ಫಾಂಟ್ ಕೊಟ್ಟುಬಿಡಿ. ಸೋಮವಾರ ಪಾರಾಗ್ತೀರಿ.

ಹುಬ್ಬಳ್ಳಿಹುಡುಗ:
ಹಂಗ್ ಮಾಡಬ್ಯಾಡ್ರಿ! ನಿಮ್ಮ ಹಳೇ ತಂತ್ರಾಂಶನೂ ಇದನ್ನೇ ಮಾಡಿರಬೇಕು, ಅದಕ್ಕೇ ಈಗ ಈ ಫಜೀತಿ. ಇಂಗ್ಲಿಷ್ ಪದನೂ ಆ ಫಾಂಟ್‌ನಾಗ ಕನ್ನಡದ ಚೂರುಪಾರು ಆಗ್ತಾವ, ಹುಡುಕಿದ್ರ ಒಂದು ಪದನೂ ಸಿಗಂಗಿಲ್ಲ.

ವರ್ಡ್ ಫೈಲ್‌ನಾಗೇ ಯೂನಿಕೋಡಿಗೆ ಪರಿವರ್ತನೆ ಮಾಡ್ರಿ. ಇಡೀ ಫೈಲ್ ಒಮ್ಮೆಲೇ ಪರಿವರ್ತಕಕ್ಕ ಸುರೀಬ್ಯಾಡ್ರಿ. ಆಯ್ಕೆಗೆ ಎ, ಬಿ, ಸಿ, ಡಿ ಅಂತ ದೊಡ್ಡಕ್ಷರದ ಇಂಗ್ಲಿಷ್‌ನಾಗ ಹಾಕಿದ್ರ ಅವು ಅನುಸ್ವಾರ, ವಿಸರ್ಗ, ಅ, ಆ ಆಗಿ ಕುಂದರ್ತಾವ. ನಾ ಒಮ್ಮೆ ಇದನ್ನ ಮಾಡಿ ರಾತ್ರಿಯೆಲ್ಲಾ ಎದ್ದಿದ್ದೆ. 'ಫೈಂಡ್'ನಾಗ ಫಾಂಟ್ ಹೆಸರು ಕೊಟ್ಟು ನುಡಿ ಭಾಗ ಅಷ್ಟೇ ಆರಿಸ್ರಿ. ಅರ್ಕಾವತ್ತು ಇರೋ ಪದ ಕಣ್ಣಿಟ್ಟು ನೋಡ್ರಿ, ಪರಿವರ್ತಕ ಎಡವೋದು ಅಲ್ಲೇ. ಗಿಫ್ಟ್ ಚಿಹ್ನೆ ಎಲ್ಲಾ ಮುಗಿದಮ್ಯಾಲೆ ಹಾಕ್ರಿ, ಫೈಲ್ ಯುಟಿಎಫ್-8ನಾಗ ಉಳಿಸ್ರಿ. ಎಎನ್‌ಎಸ್‌ಐ (ಕನ್ನಡ ಹಿಡಿಸದ ಹಳೇ ಸಂಕೇತ) ಅಂತ ಉಳಿಸಿದ್ರ ಮತ್ತ ಪ್ರಶ್ನಾರ್ಥಕ ಚಿಹ್ನೆ ಜಾತ್ರೆ.

ಗಣಿತಗಂಗಾ:
ನನ್ನದೊಂದು ಅನುಭವ: ಪ್ರಶ್ನೆ, ಆಯ್ಕೆಗಳೊಳಗೆ ಸಮ ಚಿಹ್ನೆ ಇದ್ದರೆ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ. ಗಿಫ್ಟ್‌ನಲ್ಲಿ ಅದು ಸರಿ ಉತ್ತರದ ಗುರುತು. ಹಾಕದೆ ಹೋದರೆ ಆಯ್ಕೆಯ ಅರ್ಧ ತುಂಡೇ ಸರಿ ಉತ್ತರವಾಗಿ ಕೂರಬಹುದು.

ಕನ್ನಡಮೇಷ್ಟ್ರು:
ನಿನ್ನೆ ರಾತ್ರಿ ಹನ್ನೊಂದಕ್ಕೆ ಮುಗೀತು. ವ್ಯಾಕರಣದ ಪ್ರಶ್ನೆಗಳಲ್ಲಿ ಅರ್ಕಾವತ್ತು ಕೆಲವು ಕಡೆ ಜಾರಿತ್ತು, ಕೈಯಿಂದ ತಿದ್ದಿದೆ. ಬಿಟ್ಟ ಸ್ಥಳದ ಒಂದು ಪ್ರಶ್ನೆಗೆ ಮಾತ್ರ ವಿದ್ಯಾರ್ಥಿ "ರ‍್ಯಾಂಕ್" ಅಂತ ಸರಿಯಾಗೇ ಬರೆದರೂ ಸೊನ್ನೆ ಬರ್ತಿದೆ.

ಹುಬ್ಬಳ್ಳಿಹುಡುಗ:
ನಡುವ ಕಣ್ಣಿಗೆ ಕಾಣದ, ಅಕ್ಷರ ಜೋಡಿಸೋ ಗುರುತು ಐತ್ರಿ, ಒಂದೊಂದು ಕೀಲಿಮಣೆ ಒಂದೊಂದು ಥರ ಹಾಕ್ತಾವ. ಎರಡೂ ರೂಪ ಸರಿ ಉತ್ತರ ಅಂತ ಸೇರಿಸ್ರಿ. ಮತ್ತ ಹಳೇ ವರ್ಡ್ ಫೈಲ್ ಅಳಿಸಬ್ಯಾಡ್ರಿ, ಕನಿಷ್ಠ ಈ ಸೆಮಿಸ್ಟರ್ ಮುಗಿಯೋತನಕ.