ಆ್ಯಪ್ ನಿಧಾನವಾ? ಇವತ್ತು ಅಕ್ಕಾರನ್ನು ಕೇಳಿ (ರಿಯಾಕ್ಟ್ ನೇಟಿವ್, ಅಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ಫೋನ್ ಆ್ಯಪ್ ಬರೆಯುವ ಸಾಧನ; ಹುಬ್ಬಳ್ಳಿ-ಧಾರವಾಡ ಗುಂಪು)

ಗದಗ ಹುಡುಗ: ಅಕ್ಕಾರ, ರಿಯಾಕ್ಟ್ ನೇಟಿವ್ ಕಲಿಯಲಾ, ಫ್ಲಟ್ಟರ್ ಕಲಿಯಲಾ?

ಅಕ್ಕಾರ: ಜಾವಾಸ್ಕ್ರಿಪ್ಟ್ ಬರುತ್ತಾ? ಹಾಗಾದರೆ ರಿಯಾಕ್ಟ್ ನೇಟಿವ್. ಮುಂದಿನವರು.

ವಿದ್ಯಾನಗರ: ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್ ಒಳಗಿನ ನಕಲಿ ಫೋನ್) ಆ್ಯಪ್ ಎಳೆದಾಡುತ್ತದೆ.

ಅಕ್ಕಾರ: ಡೆವ್ ಮೋಡ್‌ನಲ್ಲಿ, ಅಂದರೆ ತಪ್ಪು ಹುಡುಕಲು ಇರುವ ನಿಧಾನದ ರೂಪದಲ್ಲಿ ನೋಡುತ್ತಿದ್ದೀರಿ. ರಿಲೀಸ್ ಬಿಲ್ಡ್ (ಜನರಿಗೆ ಕೊಡುವ ರೂಪ) ಮಾಡಿ ಫೋನಿಗೆ ಹಾಕಿ ನೋಡಿ.

ಬ್ಯಾಡಗಿ: ಅಕ್ಕಾರ, ಇಲ್ಲೊಂದು ದಲಾಲಿ ಅಂಗಡಿಗೆ ಆ್ಯಪ್ ಮಾಡಿದ್ದೇನೆ. ಮೆಣಸಿನಕಾಯಿ ಲಾಟ್‌ಗಳ ಪಟ್ಟಿ, ಲಾಟಿಗೊಂದು ಫೋಟೊ. ನನ್ನ ಫೋನಿನಲ್ಲಿ ಓಡುತ್ತದೆ. ಸಾಹುಕಾರರ ಹಳೇ ಫೋನಿನಲ್ಲಿ ಐವತ್ತು ಲಾಟ್ ದಾಟಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಟೆಂಡರ್ ದಿನ ಎಲ್ಲರ ಮುಂದೆ ಬೈಸಿಕೊಂಡೆ.

ಅಕ್ಕಾರ: ಪಟ್ಟಿ ಹೇಗೆ ಬರೆದಿದ್ದೀರಿ? ಫೋಟೊ ಎಷ್ಟು ದೊಡ್ಡದು?

ಬ್ಯಾಡಗಿ: ಸ್ಕ್ರಾಲ್‌ವ್ಯೂ (ಸರಿಸಿ ನೋಡುವ ಪೆಟ್ಟಿಗೆ) ಒಳಗೆ ಮ್ಯಾಪ್, ಅಂದರೆ ಎಲ್ಲಾ ಲಾಟ್ ಒಂದೊಂದಾಗಿ ಸಾಲಿಗೆ. ಫೋಟೊ ಸರ್ವರ್‌ನಿಂದ, ಕ್ಯಾಮೆರಾದಲ್ಲಿ ತೆಗೆದ ಹಾಗೇ, 4000 × 3000.

ನವನಗರ: (ಫಾರ್ವರ್ಡ್) ಲಾರ್ಜ್‌ಹೀಪ್ (ಆ್ಯಪಿನ ಹೀಪ್ ಮೆಮೊರಿ ಹೆಚ್ಚಿಸುವುದು) ಆನ್ ಮಾಡಿ, ಎಲ್ಲಾ ಕಾಂಪೊನೆಂಟಿಗೂ (ತೆರೆಯ ತುಂಡಿಗೂ) ಮೆಮೊ (ಬದಲಾಗದ್ದನ್ನು ಮತ್ತೆ ಕಟ್ಟದಿರುವುದು) ಸುತ್ತಿ. ಆ್ಯಪ್ 10 ಪಟ್ಟು ಫಾಸ್ಟ್!!

ಅಕ್ಕಾರ: ನವನಗರದವರೇ, ಅದನ್ನು ಯಾರೂ ಮಾಡಬೇಡಿ. ಆಂಡ್ರಾಯ್ಡ್ 8ರಿಂದ ಈಚೆ ಫೋಟೊದ ಪಿಕ್ಸೆಲ್‌ಗಳು ಇರುವುದೇ ಆ ಹೀಪಿನ ಹೊರಗೆ. ಮೆಮೊ ಸುತ್ತಿ ಪ್ರತಿ ಸಲ ಹೊಸ ಫಂಕ್ಷನ್ ಕಳಿಸಿದರೆ ಅದು ಇದ್ದೂ ಇಲ್ಲದ ಹಾಗೆ.

ಬ್ಯಾಡಗಿಯವರೇ, ಲೆಕ್ಕ ನೋಡಿ. ಫೈಲ್ 3 ಎಂಬಿ ಇರಬಹುದು, ಆದರೆ ತೆರೆಗೆ ಬರುವಾಗ ಅದು ಬಿಚ್ಚಿಕೊಳ್ಳುತ್ತದೆ. ಒಂದು ಪಿಕ್ಸೆಲ್‌ಗೆ 4 ಬೈಟ್. ಅಂದರೆ ಒಂದೇ ಫೋಟೊಗೆ 48 ಎಂಬಿ! ಸ್ಕ್ರಾಲ್‌ವ್ಯೂ ಕಾಣದ ಲಾಟ್‌ಗಳನ್ನೂ ಒಟ್ಟಿಗೇ ಕಟ್ಟುತ್ತದೆ. ಕೊಳ್ಳುವವ ನೋಡುವುದು ಒಂದು ಮುಷ್ಟಿ, ನೀವು ಎಲ್ಲಾ ಚೀಲ ಸುರಿದಿದ್ದೀರಿ. ಸರ್ವರ್‌ನಲ್ಲೇ 200 × 150 ಚಿತ್ರ ಮಾಡಿಡಿ, 120 ಕೆಬಿಗೆ ಇಳಿಯುತ್ತದೆ. ಪಟ್ಟಿಗೆ ಫ್ಲಾಟ್‌ಲಿಸ್ಟ್, ಅದು ತೆರೆಯ ಆಸುಪಾಸಿನ ಲಾಟ್‌ಗಳನ್ನಷ್ಟೇ ಕಟ್ಟುತ್ತದೆ. ಕೀ (ಪ್ರತಿ ಸಾಲಿನ ಗುರುತು) ಆಗಿ ಲಾಟ್ ನಂಬರ್ ಕೊಡಿ, ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ಬೇಡ. ವಿಂಡೋಸೈಜ್ (ಒಮ್ಮೆಗೆ ಎಷ್ಟು ತೆರೆಯಷ್ಟು ಪಟ್ಟಿ ಕಟ್ಟಬೇಕು ಎಂಬುದು) ಮೊದಲೇ 21 ಇರುತ್ತದೆ, 7ಕ್ಕೆ ಇಳಿಸಿ ನೋಡಿ. ಆ ಫ್ಲಾಟ್‌ಲಿಸ್ಟನ್ನು ಮತ್ತೆ ಸ್ಕ್ರಾಲ್‌ವ್ಯೂ ಒಳಗೆ ತುರುಕಬೇಡಿ, ದಯವಿಟ್ಟು. ಇನ್ನು ಮೇಲೆ ಸಾಹುಕಾರರ ಫೋನಿನಲ್ಲೇ ಟೆಸ್ಟ್ ಮಾಡಿ.

ರಾಣೆಬೆನ್ನೂರು: ಮ್ಯಾಕ್ ಇಲ್ಲದೆ ಐಫೋನ್ ಬಿಲ್ಡ್ ಆಗುತ್ತಾ?

ನವನಗರ: ಏನೇ ಮಾಡಿ, ಬ್ರಿಡ್ಜ್ (ಜಾವಾಸ್ಕ್ರಿಪ್ಟಿಗೂ ಫೋನಿಗೂ ನಡುವಿನ ಸೇತುವೆ) ಇರೋ ತನಕ ರಿಯಾಕ್ಟ್ ನೇಟಿವ್ ಸ್ಲೋ ರೀ.

ಧಾರವಾಡ ಪೇಡಾ: ಯಾವ ಕಾಲದಲ್ಲಿದ್ದೀರಿ? 2024ರಲ್ಲಿ ರಿಯಾಕ್ಟ್ ನೇಟಿವ್ 0.76 ಆವೃತ್ತಿ ಬಂತು, ಹೊಸ ಆರ್ಕಿಟೆಕ್ಚರೇ ಡಿಫಾಲ್ಟ್. ಬ್ರಿಡ್ಜ್ ಎಲ್ಲಿದೆ?

ನವನಗರ: ನಮ್ಮ ಪ್ರಾಜೆಕ್ಟ್ ಇನ್ನೂ 0.68. ಅಪ್‌ಗ್ರೇಡ್ ನೀವು ಬಂದು ಮಾಡಿಕೊಡ್ತೀರಾ?

ಧಾರವಾಡ ಪೇಡಾ: ಹಳೇ ಬಸ್ಸಿನಲ್ಲಿ ಕೂತು ರಸ್ತೆ ಬೈತೀರಲ್ಲ.

ನವನಗರ: ಪೇಡಾ ತಿಂದವರಿಗೆ ಮಾತು ಜಾಸ್ತಿ.

ಅಕ್ಕಾರ: ಇಬ್ಬರೂ ಹೊರಗೆ ಹೋಗಿ ಜಗಳ ಆಡಿ.

ಕೇಶ್ವಾಪುರ: ನನ್ನ ಆ್ಯಪೂ ಎಮ್ಯುಲೇಟರ್‌ನಲ್ಲಿ ನಿಧಾನ...

ಅಕ್ಕಾರ: ರಿಲೀಸ್ ಬಿಲ್ಡ್. ಮೇಲೆ ಓದಿ.

ಬ್ಯಾಡಗಿ: ಅಕ್ಕಾರ, ಫ್ಲಾಟ್‌ಲಿಸ್ಟ್ ಹಾಕಿದೆ. ಇನ್ನೂ ಮುಚ್ಚಿಕೊಳ್ಳುತ್ತದೆ.

ಅಕ್ಕಾರ: ಫೋಟೊ ಸಣ್ಣದು ಮಾಡಿದಿರಾ?

ಬ್ಯಾಡಗಿ: ಅದೊಂದು ಉಳಿದಿದೆ.

ಅಕ್ಕಾರ: ಅದೊಂದು ಮಾಡಿ ಬನ್ನಿ. ನಾನು ಊಟಕ್ಕೆ ಹೊರಟೆ.

ರಾಣೆಬೆನ್ನೂರು: ಮ್ಯಾಕ್ ವಿಷಯ ಕೇಳಿದ್ದೆ...