ಕಾನೆಮಾರಾ ಅಂದ್ರೆ ಕಡಲ ನಾಯಿಗಳ ಸೀಮೆನಾ?

ನಕ್ಷೆಹುಚ್ಚ:
ಐರ್ಲೆಂಡ್‌ನ ಪಶ್ಚಿಮಕ್ಕೆ, ಗಾಲ್ವೇ ಕೌಂಟಿಯಲ್ಲಿ ಕಾನೆಮಾರಾ ಅಂತ ಒಂದು ಹಳೇ ಸೀಮೆ ಇದೆ. ಐರಿಷ್ ಭಾಷೆಯಲ್ಲಿ ‘ಕೂ’ ಅಂದ್ರೆ ಬೇಟೆನಾಯಿ, ನಾಯಿಯ ಅನ್ನೋಕೆ ‘ಕೊನ್’. ‘ಮರ’ ಅಂದ್ರೆ ಕಡಲಿನ (ನಮ್ಮ ಮರ ಅಲ್ಲ!). ಎರಡೂ ಸೇರಿದರೆ ಕಡಲ ನಾಯಿಗಳು ಅಂತ ಆಗಲ್ವಾ? ಸೀಲ್‌ಗಳನ್ನು ನೋಡಿ ಇಟ್ಟ ಹೆಸರಿರಬಹುದು ಅಂದುಕೊಂಡೆ. ಸರಿನಾ, ಇಲ್ಲಾ ಸುಮ್ನೆ ನನ್ನ ಕಲ್ಪನೆನಾ?

ಹಳೆಪುಟ:
ಕಡಲು ಸರಿ, ಸೀಲ್ ಬಿಟ್ಟುಬಿಡಿ. ಈಗಿನ ಹೆಸರನ್ನು ಒಡೆದು ಅರ್ಥ ಹುಡುಕಿದರೆ ಹೀಗೇ ಆಗುತ್ತದೆ. ಹಳೇ ರೂಪ ‘ಕೊನ್ಮಾಕ್ನೆ ಮರ’. ಕೊನ್ಮಾಕ್ನೆ ಅನ್ನೋದು ಒಂದು ಕುಲದ ಹೆಸರು, ಕೊನ್ಮಾಕ್ ಅನ್ನುವವನ ಸಂತತಿ ಅಂತ ಅರ್ಥ. ಈ ಕುಲದವರು ಒಂದೇ ಕಡೆ ಇರಲಿಲ್ಲ, ಲೀಟ್ರಿಮ್ ಕಡೆ ಒಂದು ಕವಲು, ಗಾಲ್ವೇಯ ಡನ್‌ಮೋರ್ ಸುತ್ತ ಇನ್ನೊಂದು, ಹಾಗಾಗಿ ಯಾವ ಕೊನ್ಮಾಕ್ನೆ ಅಂತ ಗುರುತಿಸೋಕೆ ಕಡಲ ದಡದಲ್ಲಿದ್ದವರ ಹೆಸರಿಗೆ ‘ಮರ’ ಸೇರಿಕೊಂಡಿತು. ಜನರ ಹೆಸರೇ ನೆಲಕ್ಕೂ ನಿಂತಿತು. ಆಮೇಲೆ ಬಾಯಲ್ಲಿ ಸವೆದು ಸವೆದು ‘ಮಾಕ್ನೆ’ ಪೂರ್ತಿ ಮಾಯ, ಈಗ ಐರಿಷ್‌ನಲ್ಲಿ ಬರೆಯೋದು ‘ಕೊನಮರ’ ಅಂತಲೇ.

ಕಥೆಗಾರ್ತಿ:
ಈ ಕೊನ್ಮಾಕ್ ಯಾರು ಅನ್ನೋದೇ ಮಜಾ. ಐರಿಷ್ ಪುರಾಣಕಥೆಯಲ್ಲಿ, ಪಶ್ಚಿಮದ ಪ್ರಾಂತ್ಯ ಕನಾಕ್ಟ್‌ನ ರಾಣಿ ಮೇವ್ ಮತ್ತು ಉತ್ತರದ ಅಲ್ಸ್ಟರ್ ಬಿಟ್ಟು ಬಂದ ಫರ್ಗಸ್, ಇವರಿಬ್ಬರಿಗೆ ಮೂರು ಗಂಡುಮಕ್ಕಳು: ಕೀರ್, ಕೋರ್ಕ್, ಕೊನ್ಮಾಕ್. ಕೀರ್‌ನ ಜನರಿಂದ ಕೆರಿ ಕೌಂಟಿಯ ಹೆಸರು, ಕೋರ್ಕ್‌ನ ಹೆಸರಲ್ಲಿ ಕ್ಲೇರ್ ಕೌಂಟಿಯ ಕೋರ್ಕಮ್ರೋ. ಮೂರು ಅಣ್ಣತಮ್ಮಂದಿರು, ಮೂರು ಸೀಮೆ!

ಹಳೆಪುಟ:
ಕಥೆ ಚೆನ್ನಾಗಿದೆ, ಆದರೆ ಉಲ್ಟಾ ಓದಬೇಕು. ಕುಲಗಳು ಮೊದಲೇ ಇದ್ದವು, ಅವುಗಳಿಗೊಬ್ಬ ಮೂಲಪುರುಷ ಬೇಕು ಅಂತ ವಂಶಾವಳಿ ಬರೆಯುವವರು ಆಮೇಲೆ ಈ ಮಕ್ಕಳನ್ನು ಹುಟ್ಟಿಸಿದರು. ಅಂದಹಾಗೆ ನಕ್ಷೆಹುಚ್ಚರೇ, ನಿಮ್ಮ ನಾಯಿ ಪೂರ್ತಿ ಸುಳ್ಳಲ್ಲ. ಕೊನ್ಮಾಕ್ ಅನ್ನೋ ಹೆಸರನ್ನೇ ಒಡೆದರೆ ‘ಕೊನ್’ ನಾಯಿಯ, ‘ಮಾಕ್’ ಮಗ. ಆಗ ಪ್ರಾಣಿಯ ಹೆಸರು ಇಟ್ಟುಕೊಳ್ಳೋದು ಮಾಮೂಲು. ಕಿಲ್ಕೆನ್ನಿ ಕಡೆಯ ಆಸರಿ ಅನ್ನೋ ಹಳೇ ರಾಜ್ಯದ ಹೆಸರಿಗೆ ಜಿಂಕೆಯ ಜನ ಅಂತ ಅರ್ಥ ಹೇಳುತ್ತಾರೆ.

ನಕ್ಷೆಹುಚ್ಚ:
ಅಂದ್ರೆ ನಾಯಿ ಇದೆ, ಆದರೆ ನೀರಲ್ಲಿಲ್ಲ! ಇನ್ನೊಂದು ಕೇಳಲಾ, ನಕ್ಷೆಯಲ್ಲಿ ಇದರ ಗಡಿ ಯಾಕೆ ಸಿಗ್ತಿಲ್ಲ?

ಕಥೆಗಾರ್ತಿ:
ಅದು ಕೌಂಟಿ ಅಲ್ವಲ್ಲ, ಸರ್ಕಾರಿ ಗೆರೆ ಇಲ್ಲ. ಹಳೇ ಲೆಕ್ಕದಲ್ಲಿ ಬ್ಯಾಲಿನಹಿಂಚ್ ಅನ್ನೋ ಬ್ಯಾರನಿಯಷ್ಟೇ (ಬ್ಯಾರನಿ ಅಂದ್ರೆ ಕೌಂಟಿಯೊಳಗಿನ ಹಳೇ ವಿಭಾಗ) ಕಾನೆಮಾರಾ. ಈಗ ಜನ ದಕ್ಷಿಣದ ಐರಿಷ್ ಮಾತಾಡುವ ಊರುಗಳನ್ನೂ ಸೇರಿಸಿಕೊಂಡು ಜಾಸ್ತಿ ಅಗಲವಾಗಿಯೇ ಹೇಳುತ್ತಾರೆ.