ಅಪ್‌ಡೇಟ್: ಕಮಾನು ಕೊನೆಗೂ ನಿಂತಿತು

ಕಾರವಾರದ ಕಡಲಂಚಿನಲ್ಲಿ ಮೀನು ಒಣಗಿಸುವವರಿಗಾಗಿ ನಾನು ರೂಪಿಸಿದ, 6 ಮೀಟರ್ ಅಗಲದ ಅರ್ಧವೃತ್ತಾಕಾರದ ಚಾವಣಿಯ 1:20 ರಟ್ಟಿನ ಮಾದರಿಯು ನೆತ್ತಿಯಲ್ಲಿ ಕುಸಿದು ಪಕ್ಕೆಗಳಲ್ಲಿ ಉಬ್ಬುತ್ತಿದೆ, ರಟ್ಟನ್ನು ದಪ್ಪ ಮಾಡಲೇ ಎಂದು ಹಿಂದೆ ಕೇಳಿದ್ದೆ. ತಪ್ಪಿರುವುದು ದಪ್ಪದಲ್ಲಲ್ಲ, ಆಕಾರದಲ್ಲಿ ಎಂದು ತಿಳಿಸಿದವರಿಗೆ ಕೃತಜ್ಞತೆಗಳು. ಗೋಡೆಗೆ 30 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು, ತೆಳುವಾದ ಸರಪಳಿಯನ್ನು ಇಳಿಬಿಟ್ಟು, ಅದರ ಬಾಗನ್ನು ಹಿಂದಿನ ಕಾಗದದ ಮೇಲೆ ಗುರುತಿಸಿಕೊಂಡು, ಆ ಚಿತ್ರವನ್ನೇ ತಲೆಕೆಳಗಾಗಿಸಿ ಹೊಸ ಮಾದರಿಯನ್ನು ಕತ್ತರಿಸಿದೆ. ತೂಗುವ ಸರಪಳಿಯಲ್ಲಿ ಬರೀ ಎಳೆತವಿರುವಂತೆ, ಅದನ್ನು ಮಗುಚಿದ ಕಮಾನಿನಲ್ಲಿ ಬರೀ ಒತ್ತಡವಿರುತ್ತದೆ ಎಂಬ ತತ್ತ್ವವನ್ನು ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಗೂಢಬರಹದ ರೂಪದಲ್ಲಿ ಪ್ರಕಟಿಸಿದ್ದರಂತೆ. ನಾನು ಮಾತ್ರ ಮೂರು ಹಾಳೆ ರಟ್ಟು ಹಾಳುಮಾಡಿದ ಮೇಲೆ ಕಲಿತೆ. ಅದೇ ರಟ್ಟು ಈಗ ಕುಸಿಯುತ್ತಿಲ್ಲ. ಬುಡಗಳು ಹೊರಕ್ಕೆ ಜಾರುತ್ತಿದ್ದುದರಿಂದ ಅವುಗಳ ನಡುವೆ ದಾರ ಬಿಗಿದಿದ್ದೇನೆ. ನಿಜವಾದ ಕಟ್ಟಡದಲ್ಲಿ ಆ ಜಾಗಕ್ಕೆ ಉಕ್ಕಿನ ಸರಳು ಬರಬೇಕು. ಫ್ಯಾನಿನ ಗಾಳಿಯನ್ನು ಒಂದೇ ಬದಿಯಿಂದ ಬಿಟ್ಟಾಗ ಮಾದರಿ ಇನ್ನೂ ವಾಲುತ್ತಿರುವುದರಿಂದ, ಮುಂಗಾರಿನ ಕಡಲಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಈಗ ಬಲ ಕೊಡುವ ಅಡ್ಡಪಟ್ಟಿಗಳ ನಕ್ಷೆ ಬರೆಯುತ್ತಿದ್ದೇನೆ.